ಇಳಿಜಾರಿನಲ್ಲಿ ಮಾತಾಡುವ ಸ್ಕ್ರೂ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಾಗಲಿ, ಚಿಂತಾಮಣಿ, ಶಿಡ್ಲಘಟ್ಟದ ಪೇಟೆಯಲ್ಲಾಗಲಿ, ಯಾವುದೇ ಬೈಕ್ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಣ್ಣ, ಗಾಡಿ ಮೈಲೇಜ್ ಕೊಡ್ತಿಲ್ಲ, ಸ್ವಲ್ಪ ಟ್ಯೂನಿಂಗ್ ಮಾಡಿಕೊಡಿ." ಮೆಕ್ಯಾನಿಕ್ ಗಾಡಿ ಸ್ಟಾರ್ಟ್ ಮಾಡುತ್ತಾನೆ, ಸಣ್ಣ ಸ್ಕ್ರೂ ಡ್ರೈವರ್ ಹಿಡಿದು ಕಾರ್ಬೋರೇಟರಿನ ಪಕ್ಕಕ್ಕೆ ಬಗ್ಗುತ್ತಾನೆ, ಕಾಲು ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ ತಿರುಗಿಸಿ ಕಿವಿಗೊಟ್ಟು ಕೇಳುತ್ತಾನೆ. ಎರಡು ನಿಮಿಷದ ಕೆಲಸ. ಗಿರಾಕಿ ನೆಮ್ಮದಿಯಿಂದ ಹೊರಡುತ್ತಾನೆ.

ಆ ಪುಟ್ಟ ಸ್ಕ್ರೂ ಮೈಲೇಜಿನ ಬೀಗದ ಕೈ ಎಂದು ಎರಡು ತಲೆಮಾರು ನಂಬಿದೆ. ಹೆದ್ದಾರಿಯಲ್ಲಿ ಐವತ್ತರ ವೇಗದಲ್ಲಿ ಹೋಗುವ ಗಾಡಿ ಕುಡಿಯುವ ಪೆಟ್ರೋಲಿನಲ್ಲಿ ಅದರ ಪಾಲು ನಿಜಕ್ಕೂ ಬಹಳ ಸಣ್ಣದು. ಆದರೆ ನಂದಿಬೆಟ್ಟ ಇಳಿಯುವಾಗ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಎಂಜಿನ್ನಿನ ಹಿಡಿತದ ಮೇಲೆಯೇ ಗಾಡಿ ಬಿಟ್ಟಾಗ, ಆ ಸ್ಕ್ರೂವನ್ನು ಹೇಗೆ ತಿರುಗಿಸಿದ್ದಾರೆ ಎಂಬುದು ಸೈಲೆನ್ಸರಿನ ಸದ್ದಿನಲ್ಲೇ ತಿಳಿದುಬಿಡುತ್ತದೆ. ಮೈಲೇಜಿಗೆಂದು ಮಾಡಿಸಿದ ಟ್ಯೂನಿಂಗಿನ ಫಲ ಮೈಲೇಜಿನಲ್ಲಿ ಅಷ್ಟಾಗಿ ಕಾಣದೆ ಇಳಿಜಾರಿನಲ್ಲಿ ಕಾಣುತ್ತದೆ. ನಮ್ಮ ಸೀಮೆಯವರು ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಯಾಕೆಂದರೆ ನಮ್ಮದು ಏರಿಳಿತದ ನೆಲ.

ಈ ಜಿಲ್ಲೆಯ ಎತ್ತರಗಳನ್ನೇ ನೋಡಿ. ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಚಿಕ್ಕಬಳ್ಳಾಪುರ 900 ಮೀಟರ್ ದಾಟುತ್ತದೆ. ನಂದಿಬೆಟ್ಟದ ತುದಿ 1,478 ಮೀಟರ್. ಕಳವಾರ ಊರಿನ ತಲೆಯ ಮೇಲೆ ನಿಂತಿರುವ ಸ್ಕಂದಗಿರಿ, ಅಂದರೆ ಹಳಬರ ಕಳವಾರ ದುರ್ಗ, ಹೆಚ್ಚುಕಡಿಮೆ ಅದೇ ಎತ್ತರದ್ದು. ಅಲ್ಲಿ ಗಾಡಿ ಪಾಪಾಗ್ನಿ ಮಠದ ಹತ್ತಿರ ನಿಲ್ಲುತ್ತದೆ, ಮುಂದಿನದು ಕಾಲ್ನಡಿಗೆ. ನಂದಿಗೆ ಮಾತ್ರ ತುದಿಯವರೆಗೂ ಟಾರು ರಸ್ತೆ ಇದೆ. ಹಾಗಾಗಿ ಶನಿವಾರ, ಭಾನುವಾರ ನಸುಕಿನಲ್ಲಿ ಬೆಂಗಳೂರಿನಿಂದ ಬರುವ ಬೈಕುಗಳ ಸಾಲು ಅಲ್ಲೇ ಹತ್ತಿ ಅಲ್ಲೇ ಇಳಿಯುತ್ತದೆ. ಬೆಳಗ್ಗೆ ಎಂಟು ಗಂಟೆಯ ನಂತರ ಯಾವುದಾದರೂ ತಿರುವಿನಲ್ಲಿ ನಿಂತು ಇಳಿಯುವ ಗಾಡಿಗಳ ಸದ್ದು ಕೇಳಬೇಕು. ಕೆಲವು ಗುಂಯ್ ಎಂದು ಒಂದೇ ಸ್ವರದಲ್ಲಿ ಇಳಿಯುತ್ತವೆ. ಕೆಲವು ಪಟಪಟ ಪಟಾಕಿ ಹೊಡೆಯುತ್ತವೆ. ಇನ್ನು ಕೆಲವಕ್ಕೆ ಸದ್ದೇ ಇಲ್ಲ. ಅವು ನ್ಯೂಟ್ರಲ್‌ನಲ್ಲಿ ಇಳಿಯುವ ಗಾಡಿಗಳು, ನನಗೆ ಭಯ ಹುಟ್ಟಿಸುವುದೂ ಅವೇ.

ಮೊದಲು ಗಾಳಿ–ಪೆಟ್ರೋಲಿನ ಲೆಕ್ಕ. ಒಂದು ಗ್ರಾಂ ಶುದ್ಧ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಇದಕ್ಕಿಂತ ಕಡಿಮೆಯಾದರೆ ಮಿಶ್ರಣ ರಿಚ್, ಹೆಚ್ಚಾದರೆ ಲೀನ್. ಎಂಜಿನ್ನಿನ ಪೂರ್ತಿ ಶಕ್ತಿ ಬರುವುದು ಸ್ವಲ್ಪ ರಿಚ್ ಕಡೆಗೆ, ಸುಮಾರು 12.5ರಿಂದ 13ರ ಆಸುಪಾಸಿನಲ್ಲಿ. ಪೆಟ್ರೋಲ್ ಉಳಿಯುವುದು ಸ್ವಲ್ಪ ಲೀನ್ ಕಡೆಗೆ, 15.5–16ರ ಸುತ್ತ. ಇನ್ನೂ ಲೀನ್ ಮಾಡಿದರೆ ಉಳಿತಾಯ ಹೆಚ್ಚುವುದಿಲ್ಲ. ಉರಿ ನಿಧಾನವಾಗುತ್ತದೆ, ಕೆಲವು ಸಲ ಹತ್ತುವುದೇ ಇಲ್ಲ, ಗಾಡಿ ಎಳೆಯುವುದಿಲ್ಲ. ಎಳೆಯದ ಗಾಡಿಗೆ ಸವಾರ ಇನ್ನಷ್ಟು ಆಕ್ಸಿಲರೇಟರ್ ಕೊಡುತ್ತಾನೆ, ಉಳಿಸಿದ್ದು ಅಲ್ಲೇ ಕರಗುತ್ತದೆ.

ಕಾರ್ಬೋರೇಟರಿನಲ್ಲಿ ಈ ಲೆಕ್ಕ ನೋಡಿಕೊಳ್ಳುವವರು ಒಬ್ಬರಲ್ಲ. ಆಕ್ಸಿಲರೇಟರ್ ಮುಕ್ಕಾಲಿಗಿಂತ ಹೆಚ್ಚು ತೆರೆದಾಗ ಅಧಿಕಾರ ಮೇನ್ ಜೆಟ್‌ನದು. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಮೇಲೆ ಕೆಳಗೆ ಆಡುವ ಸೂಜಿಯದು. ಪೂರ್ತಿ ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್‌ನದು. ಮೆಕ್ಯಾನಿಕ್ ತಿರುಗಿಸುವ ಸ್ಕ್ರೂ ಈ ಪೈಲಟ್ ದಾರಿಗೆ ಸೇರಿದ್ದು. ನೂರು ಸಿಸಿಯ ಗಾಡಿ ನಲವತ್ತೈದು–ಐವತ್ತರಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋಗುವಾಗ ಪೆಟ್ರೋಲ್ ಹೆಚ್ಚಾಗಿ ಬರುವುದು ಸೂಜಿಯ ಪಕ್ಕದಿಂದ. ಪೈಲಟ್‌ನದು ಆಗ ಚಿಲ್ಲರೆ ಪಾಲು. ಸಿಗ್ನಲ್ಲಿನಲ್ಲಿ ನಿಂತಾಗ, ಸಂತೆಬೀದಿಯಲ್ಲಿ ತೆವಳುವಾಗ, ಇಳಿಜಾರಿನಲ್ಲಿ ಕೈ ಬಿಟ್ಟಾಗ ಮಾತ್ರ ಅದೇ ಯಜಮಾನ. ಊರೊಳಗೇ ಓಡಾಡುವ ಗಾಡಿಗೆ ಸ್ಕ್ರೂನಿಂದ ತಕ್ಕಮಟ್ಟಿನ ಉಳಿತಾಯವಾದೀತು. ದಿನವೂ ಬಾಗೇಪಲ್ಲಿಗೋ ದೇವನಹಳ್ಳಿಗೋ ಹೆದ್ದಾರಿಯಲ್ಲಿ ಹೋಗಿಬರುವವನಿಗೆ ಅದರಿಂದ ಹೆಚ್ಚೇನೂ ದಕ್ಕದು.

ಇನ್ನೊಂದು ಗೊಂದಲ ಇದೆ, ಅದನ್ನು ಬಿಡಿಸದೆ ಮುಂದೆ ಹೋಗಬಾರದು. ಸ್ಕ್ರೂ ಕಾರ್ಬೋರೇಟರಿನ ಏರ್ ಫಿಲ್ಟರ್ ಕಡೆಯ ಬದಿಯಲ್ಲಿದ್ದರೆ ಅದು ಗಾಳಿಯನ್ನು ಅಳೆಯುವ ಸ್ಕ್ರೂ. ಹೊರಗೆ ತಿರುಗಿಸಿದರೆ ಮಿಶ್ರಣ ಲೀನ್ ಆಗುತ್ತದೆ. ಎಂಜಿನ್ ಕಡೆಯ ಬದಿಯಲ್ಲಿದ್ದರೆ ಅದು ಪೆಟ್ರೋಲ್ ಬೆರೆತ ಗಾಳಿಯನ್ನು ಅಳೆಯುವ ಸ್ಕ್ರೂ. ಹೊರಗೆ ತಿರುಗಿಸಿದರೆ ರಿಚ್ ಆಗುತ್ತದೆ. ಒಂದೇ ತಿರುವು, ಎದುರುಬದುರು ಫಲ. ಮನೆಯಲ್ಲೇ ಟ್ಯೂನಿಂಗ್ ಮಾಡಿಕೊಳ್ಳಲು ಹೋದ ಎಷ್ಟೋ ಜನ ಮುಗ್ಗರಿಸುವುದು ಇಲ್ಲೇ. ಇದರ ಪಕ್ಕದಲ್ಲೇ ಸ್ಪ್ರಿಂಗ್ ಹಾಕಿದ ಇನ್ನೊಂದು ದಪ್ಪ ಸ್ಕ್ರೂ ಇರುತ್ತದೆ, ಅದು ಐಡಲ್ ವೇಗದ್ದು, ನಮ್ಮವರು 'ಸ್ಲೋ' ಎನ್ನುವುದು ಅದನ್ನು. ಮಿಶ್ರಣಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ; ಗಾಳಿಯ ಬಾಗಿಲಾದ ಥ್ರಾಟಲ್ ಪೂರ್ತಿ ಮುಚ್ಚಿದಾಗಲೂ ಎಷ್ಟು ಸಂದು ಉಳಿಯಬೇಕೆಂದು ನಿರ್ಧರಿಸುವುದು ಅದರ ಕೆಲಸ. ಇಳಿಜಾರಿನ ಹಿಡಿತದ ಮಟ್ಟಿಗೆ ಮಿಶ್ರಣದ ಸ್ಕ್ರೂಗಿಂತ ಇದರ ಪ್ರಭಾವವೇ ಹೆಚ್ಚು.

ಅದು ಯಾಕೆ ಎಂದು ತಿಳಿಯಲು ಎಂಜಿನ್ ಬ್ರೇಕಿಂಗ್ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಗಾಡಿ ಗೇರಿನಲ್ಲಿದೆ, ಆಕ್ಸಿಲರೇಟರ್ ಬಿಟ್ಟಿದ್ದೀರಿ. ಈಗ ಚಕ್ರವೇ ಎಂಜಿನ್ ಅನ್ನು ತಿರುಗಿಸುತ್ತಿದೆ. ಪಿಸ್ಟನ್ ಕೆಳಗಿಳಿಯುತ್ತಾ ಗಾಳಿ ಎಳೆಯಬೇಕು, ಆದರೆ ಬಾಗಿಲು ಮುಚ್ಚಿದೆ. ಸಿರಿಂಜಿನ ಮೂತಿಗೆ ಬೆರಳಿಟ್ಟು ಹಿಡಿಯನ್ನು ಹಿಂದಕ್ಕೆ ಎಳೆದರೆ ಹೇಗೆ ಬಿಗಿಯಾಗುತ್ತದೋ ಹಾಗೆ ಪಿಸ್ಟನ್ ನಿರ್ವಾತದ ಎದುರು ಒದ್ದಾಡುತ್ತದೆ. ಅದರ ಜೊತೆಗೆ ಪಿಸ್ಟನ್ ರಿಂಗುಗಳ ತಿಕ್ಕಾಟ, ಬೇರಿಂಗು, ಕ್ಯಾಮ್, ಆಯಿಲ್ ಪಂಪುಗಳ ಭಾರ. ಇವೆಲ್ಲ ಸೇರಿ ಹಿಂದಿನ ಚಕ್ರವನ್ನು ಹಿಡಿದಿಡುತ್ತವೆ. ಸಣ್ಣ ಗೇರಿನಲ್ಲಿ ಎಂಜಿನ್ ಹೆಚ್ಚು ಸುತ್ತುವುದರಿಂದ ಹಿಡಿತವೂ ಹೆಚ್ಚು. ಈ ಹಿಡಿತದ ದೊಡ್ಡ ಪಾಲಿಗೆ ಪೆಟ್ರೋಲಿನ ಹಂಗೇ ಇಲ್ಲ. ಲೀನ್ ಮಾಡಿದರೆ ಎಂಜಿನ್ ಬ್ರೇಕಿಂಗ್ ದುಪ್ಪಟ್ಟಾಗುತ್ತದೆ, ರಿಚ್ ಮಾಡಿದರೆ ಮಾಯವಾಗುತ್ತದೆ ಎನ್ನುವವರ ಮಾತನ್ನು ನಂಬಬೇಡಿ.

ಮಿಶ್ರಣದ ಪಾತ್ರ ಬೇರೆ ಕಡೆ ಇದೆ. ಥ್ರಾಟಲ್ ಮುಚ್ಚಿದ್ದರೂ ಪೈಲಟ್ ದಾರಿಯಿಂದ ಸ್ವಲ್ಪ ಮಿಶ್ರಣ ಸಿಲಿಂಡರಿಗೆ ಬರುತ್ತಲೇ ಇರುತ್ತದೆ. ಅದು ತೀರಾ ಕಡಿಮೆ. ಸಿಲಿಂಡರಿನಲ್ಲಿ ಹಿಂದಿನ ಸುತ್ತಿನ ಸುಟ್ಟ ಹೊಗೆಯೇ ಹೆಚ್ಚಾಗಿ ತುಂಬಿರುತ್ತದೆ. ಮಿಶ್ರಣ ಸರಿಯಾಗಿದ್ದರೆ ಈ ಪುಡಿಗಾಸಿನ ಪೆಟ್ರೋಲೂ ಹೇಗೋ ಹೊತ್ತಿಕೊಂಡು ಪಿಸ್ಟನ್ನನ್ನು ಸ್ವಲ್ಪವೇ ಮುಂದಕ್ಕೆ ತಳ್ಳುತ್ತದೆ. ಹಿಡಿತ ಅಷ್ಟರಮಟ್ಟಿಗೆ ಮೆತ್ತಗಾಗುತ್ತದೆ, ಆದರೆ ಒಂದೇ ಸಮನಾಗಿರುತ್ತದೆ. ಲೀನ್ ಆದರೆ ಕಿಡಿ ಹಾರಿದರೂ ಬೆಂಕಿ ಹತ್ತುವುದಿಲ್ಲ. ಒಂದು ಸುತ್ತು ಹತ್ತಿತು, ಮುಂದಿನ ಎರಡು ಸುತ್ತು ಹತ್ತಲಿಲ್ಲ. ಹತ್ತದ ಪೆಟ್ರೋಲ್ ಆವಿ ಹಾಗೆಯೇ ಸೈಲೆನ್ಸರಿಗೆ ಹೋಗಿ ಸೇರುತ್ತದೆ. ಮುಂದೆ ಯಾವಾಗಲೋ ಒಂದು ಸುತ್ತು ಹೊತ್ತಿಕೊಂಡಾಗ ಅದರ ಬಿಸಿಗೆ ಸೈಲೆನ್ಸರಿನಲ್ಲಿ ಕೂತಿದ್ದ ಆವಿ ಢಬ್ ಎನ್ನುತ್ತದೆ. ಇದೇ ಪಟಾಕಿ. ನಮ್ಮ ಹುಡುಗರು ಇದನ್ನು ಬ್ಯಾಕ್ ಫೈರ್ ಎಂದು ಕರೆದು ಹೆಮ್ಮೆ ಪಡುತ್ತಾರೆ. ಉರಿಯದೆ ಹೊರಗೆ ಹೋದ ಪೆಟ್ರೋಲಿನ ಸದ್ದು ಅದು. ಹತ್ತಿದಾಗ ಒಂದು ತಳ್ಳು, ಹತ್ತದಾಗ ಒಂದು ಎಳೆತ ಎಂದು ಚೈನು ಸಡಿಲವಾಗಿ ಬಿಗಿಯಾಗಿ ಕಟಕಟ ಎನ್ನುತ್ತದೆ. ತಿರುವಿನಲ್ಲಿ ಗಾಡಿ ವಾಲಿರುವಾಗ ಈ ಜಗ್ಗಾಟ ಟಯರಿನ ಹಿಡಿತಕ್ಕೆ ಒಳ್ಳೆಯದಲ್ಲ.

ಕಾರ್ಬೋರೇಟರ್ ಮಾಡಿದವರಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಎಷ್ಟೋ ಕಾರ್ಬೋರೇಟರುಗಳಲ್ಲಿ ಏರ್ ಕಟ್ ವಾಲ್ವ್ ಎಂಬ ಪುಟ್ಟ ರಬ್ಬರ್ ಪರದೆ ಇಟ್ಟಿದ್ದಾರೆ. ಇಳಿಜಾರಿನಲ್ಲಿ ನಿರ್ವಾತ ಜಾಸ್ತಿಯಾದೊಡನೆ ಅದು ಪೈಲಟ್ ದಾರಿಯ ಗಾಳಿಯ ಒಂದು ಪಾಲನ್ನು ಮುಚ್ಚಿ, ಮಿಶ್ರಣವನ್ನು ಆ ಹೊತ್ತಿಗೆ ಮಾತ್ರ ರಿಚ್ ಮಾಡುತ್ತದೆ. ಪರದೆ ಒಣಗಿ ಸೀಳಿದರೆ, ಸ್ಕ್ರೂ ಎಷ್ಟು ತಿರುಗಿಸಿದರೂ ಪಟಾಕಿ ನಿಲ್ಲುವುದಿಲ್ಲ. ಕಾರ್ಬೋರೇಟರನ್ನು ಎಂಜಿನ್ನಿಗೆ ಕೂಡಿಸುವ ರಬ್ಬರ್ ಬಿರುಕು ಬಿಟ್ಟರೂ ಅಷ್ಟೆ. ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯದೆ ನೇತಾಡುತ್ತದೆ, ಎಂಜಿನ್ನಿನ ಹಿಡಿತ ಬರುವುದೇ ತಡವಾಗುತ್ತದೆ. ಸೈಲೆನ್ಸರ್ ಎಂಜಿನ್ನಿಗೆ ಸೇರುವ ಜಾಗದ ಗ್ಯಾಸ್ಕೆಟ್ ಸೋರಿದರೆ ಅಲ್ಲಿಂದ ಹೊರಗಾಳಿ ಒಳಸೇರಿ ಆವಿ ಹೊತ್ತಿಕೊಳ್ಳಲು ಅನುವು ಮಾಡಿಕೊಡುತ್ತದೆ. ಇಳಿಜಾರಿನ ಪಟಾಕಿ ಕೇಳಿದ ಕೂಡಲೇ ಸ್ಕ್ರೂಗೆ ಕೈ ಹಾಕುವ ಮೊದಲು ಈ ಮೂರು ಜಾಗ ನೋಡುವ ಮೆಕ್ಯಾನಿಕ್ ಸಿಕ್ಕರೆ ಅವನನ್ನು ಬಿಡಬೇಡಿ.

ಇನ್ನು ಎಮಿಷನ್ ಟೆಸ್ಟಿನ ಒತ್ತಡ. ನಿಂತ ಗಾಡಿಯ ಸೈಲೆನ್ಸರಿಗೆ ನಳಿಗೆ ತೂರಿಸಿ ಅಳೆಯುವುದು ಐಡಲ್‌ನಲ್ಲಿರುವ ಹೊಗೆಯನ್ನು, ಅಂದರೆ ಪೈಲಟ್ ಸ್ಕ್ರೂವಿನ ರಾಜ್ಯವನ್ನೇ. 2000ದ ಏಪ್ರಿಲ್ ನಂತರ ಬಂದ ಕಾರ್ಬೋರೇಟರ್ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇ 3.5 ಮೀರಬಾರದು ಎಂಬುದು ನಿಯಮ. ಮೀರಿದರೆ ಸುಲಭದ ಉಪಾಯ ಲೀನ್ ಮಾಡುವುದು. ಸರ್ಟಿಫಿಕೇಟ್ ಸಿಗುತ್ತದೆ. ಆ ವಾರಾಂತ್ಯವೇ ನಂದಿ ಇಳಿಯುವಾಗ ಗಾಡಿ ಪಟಪಟ ಎನ್ನತೊಡಗುತ್ತದೆ. ಫಿಲ್ಟರ್ ಕಟ್ಟಿಕೊಂಡು ರಿಚ್ ಆಗಿದ್ದ ಗಾಡಿಗೆ ಫಿಲ್ಟರ್ ಬದಲಿಸುವ ಬದಲು ಸ್ಕ್ರೂ ತಿರುಗಿಸಿದ್ದೇ ಇದಕ್ಕೆ ಎಷ್ಟೋ ಸಲ ಕಾರಣ. ನಮ್ಮ ಹಳ್ಳಿ ರಸ್ತೆಗಳ ಧೂಳಿನಲ್ಲಿ ಫಿಲ್ಟರ್ ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ ಎಂಬುದನ್ನು ಗಾಡಿ ಇಟ್ಟವರಿಗೆ ಹೇಳಬೇಕಿಲ್ಲ.

ನ್ಯೂಟ್ರಲ್ ವಿಷಯಕ್ಕೆ ಬರೋಣ. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಅದಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು ಎಂದು ನನಗೆ ಅನಿಸುತ್ತದೆ, ಆ ಅರ್ಥದ ಬೇರು ಮೈಸೂರಿನಲ್ಲಿದೆ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಬೈಕುಗಳು ತಯಾರಾಗತೊಡಗಿದವು. ಜಾವಾ, ಅನಂತರ ಯೆಜ್ಡಿ, ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅವು ಕರ್ನಾಟಕದ ಹಳ್ಳಿಹಳ್ಳಿ ತಲುಪಿದ್ದವು. ಅವು ಟೂ ಸ್ಟ್ರೋಕ್ ಗಾಡಿಗಳು. ಅವುಗಳಲ್ಲಿ ಪಿಸ್ಟನ್ನಿಗೆ ಎಣ್ಣೆ ತಲುಪುತ್ತಿದ್ದುದು ಪೆಟ್ರೋಲಿನ ಜೊತೆಯಲ್ಲೇ. ಬಂಕಿನಲ್ಲಿ ಟೂ ಟಿ ಆಯಿಲ್ ಬೆರೆಸಿ ಹಾಕಿಸಿಕೊಳ್ಳುತ್ತಿದ್ದುದು ಹಳಬರಿಗೆ ನೆನಪಿರುತ್ತದೆ. ಉದ್ದದ ಇಳಿಜಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಮುಚ್ಚಿ ಇಳಿದರೆ ಎಂಜಿನ್ ಜೋರಾಗಿ ಸುತ್ತುತ್ತದೆ, ಪೆಟ್ರೋಲ್ ತೀರಾ ಕಡಿಮೆ ಬರುತ್ತದೆ, ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗುವ ಅಪಾಯ ನಿಜವಾದದ್ದು. ಅದಕ್ಕೇ ಬಲ್ಲವರು ಆಗಾಗ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಟ್ಟು ಬಿಡುತ್ತಿದ್ದರು, ಕೆಲವರು ನ್ಯೂಟ್ರಲ್‌ಗೆ ಬರುತ್ತಿದ್ದರು. ಅಂಥ ಎಂಜಿನ್ನಿಗೆ ಅದು ಬೇಕಾಗಿತ್ತು. ಎಂಜಿನ್ ಬದಲಾಯಿತು, ಅಭ್ಯಾಸ ಮಾತ್ರ ಅಪ್ಪನಿಂದ ಮಗನಿಗೆ ಬಂತು, ಕಾರಣ ಮರೆತು 'ಮೈಲೇಜ್' ಎಂಬ ಹೊಸ ಕಾರಣ ಅಂಟಿಕೊಂಡಿತು.

ಇಂದಿನ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಣ್ಣೆ ಕೆಳಗಿನ ಸಂಪ್‌ನಿಂದ ಪಂಪಿನ ಮೂಲಕ ಬರುತ್ತದೆ. ಎಂಜಿನ್ ಸುತ್ತುತ್ತಿದ್ದರೆ ಸಾಕು. ಕಾರ್ಬೋರೇಟರ್ ಇರುವ ಗಾಡಿಯಲ್ಲಿ ನ್ಯೂಟ್ರಲ್ ಹಾಕಿದರೂ, ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೂ, ಒಂದು ನಿಮಿಷಕ್ಕೆ ಹೋಗುವ ಪೆಟ್ರೋಲ್ ಹೆಚ್ಚುಕಡಿಮೆ ಒಂದೇ. ಮುಚ್ಚಿದ ಥ್ರಾಟಲ್ಲಿನ ಸಂದಿನಿಂದ ಇಂತಿಷ್ಟೇ ಗಾಳಿ ನುಗ್ಗಲು ಸಾಧ್ಯ, ಎಂಜಿನ್ ಎಷ್ಟೇ ಜೋರಾಗಿ ಎಳೆದರೂ ಅದು ಹೆಚ್ಚುವುದಿಲ್ಲ. ಹಾಗಾದರೆ ನ್ಯೂಟ್ರಲ್‌ನಿಂದ ಲಾಭವೇ ಇಲ್ಲವೇ? ಮೆಲ್ಲನೆಯ ಇಳಿಜಾರಿನಲ್ಲಿ ಇದೆ. ಎಂಜಿನ್ನಿನ ಎಳೆತ ಇಲ್ಲದ್ದರಿಂದ ಗಾಡಿ ಸ್ವಲ್ಪ ದೂರ ಹೆಚ್ಚು ಉರುಳುತ್ತದೆ. ನಂದಿಯಂಥ ಕಡಿದಾದ ಇಳಿಜಾರಿನಲ್ಲಿ ಆ ಮಾತಿಲ್ಲ. ಹೇಗಿದ್ದರೂ ಬ್ರೇಕ್ ಹಿಡಿಯಲೇಬೇಕಾದ ಕಡೆ ಗಾಡಿಯ ಓಟವನ್ನು ಉಳಿಸಿಕೊಂಡು ಮಾಡುವುದೇನು?

ಕೀಲಿಯನ್ನೇ ಆಫ್ ಮಾಡಿ ಇಳಿಯುವವರೂ ಇದ್ದಾರೆ. ನೂರು ಸಿಸಿಯ ಗಾಡಿ ಐಡಲ್‌ನಲ್ಲಿ ಗಂಟೆಗೆ ಅಂದಾಜು ನೂರೈವತ್ತು ಮಿಲಿಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಕಾಲು ಗಂಟೆಯ ಇಳಿತಕ್ಕೆ ಉಳಿಯುವುದು ನಲವತ್ತು ಮಿಲಿಲೀಟರಿಗಿಂತ ಕಡಿಮೆ, ಲೀಟರಿಗೆ ನೂರು ರೂಪಾಯಿ ಲೆಕ್ಕದಲ್ಲಿ ನಾಲ್ಕು ರೂಪಾಯಿ. ಆ ನಾಲ್ಕು ರೂಪಾಯಿಗೆ ಹಾರ್ನ್ ಇಲ್ಲ, ಬ್ರೇಕ್ ಲೈಟ್ ಇಲ್ಲ, ಹಿಂದೆ ಬರುವವನಿಗೆ ನೀವು ನಿಲ್ಲಿಸುತ್ತಿರುವುದು ಕಾಣುವುದಿಲ್ಲ. ಗೇರಿನಲ್ಲಿಟ್ಟು ಕೀಲಿ ಆಫ್ ಮಾಡಿದರೆ ಇನ್ನೂ ಕೆಡುಕು. ಕಾರ್ಬೋರೇಟರ್ ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಕಿಡಿ ಇಲ್ಲ, ಸೈಲೆನ್ಸರ್ ಪೂರ್ತಿ ಆವಿಯಿಂದ ತುಂಬುತ್ತದೆ. ಕೆಳಗೆ ಬಂದು ಕೀಲಿ ತಿರುಗಿಸಿದ ಕ್ಷಣ ಆಗುವ ಸ್ಫೋಟಕ್ಕೆ ಸೈಲೆನ್ಸರಿನ ಒಳಗಿನ ತಗಡೇ ಕಿತ್ತು ಬರಬಹುದು.

ಬ್ರೇಕಿನ ಕಡೆಯ ಲೆಕ್ಕವೂ ಇರಲಿ. ಗಾಡಿ, ಇಬ್ಬರು ಸವಾರರು ಸೇರಿ 240 ಕಿಲೋ ಎನ್ನಿ. ನಂದಿಯ ತುದಿಗೂ ಬುಡಕ್ಕೂ 500 ಮೀಟರ್ ಎನ್ನಿ. ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 12 ಲಕ್ಷ ಜೂಲ್. ಸುಟ್ಟರೆ ಅಷ್ಟು ಶಾಖ ಕೊಡುವ ಪೆಟ್ರೋಲ್ ಬರೀ 37 ಮಿಲಿಲೀಟರ್. ಆದರೆ ಆ ಶಾಖವೆಲ್ಲ ಎಲ್ಲಾದರೂ ಹೋಗಲೇಬೇಕು. ಗಾಳಿಯ ತಡೆ, ಟಯರಿನ ತಿಕ್ಕಾಟ ಒಂದಷ್ಟು ನುಂಗುತ್ತವೆ. ಉಳಿದದ್ದನ್ನು ಎಂಜಿನ್ ಹೊರಬೇಕು, ಇಲ್ಲವೇ ಬ್ರೇಕ್ ಶೂ ಹೊರಬೇಕು. ಎರಡನೇ ಗೇರಿನಲ್ಲಿ ನಿಧಾನವಾಗಿ ಇಳಿದರೆ ಎಂಜಿನ್ ತನ್ನ ಫಿನ್ನುಗಳ ಮೂಲಕ ಅದನ್ನು ಸಲೀಸಾಗಿ ಹೊರಹಾಕುತ್ತದೆ. ನ್ಯೂಟ್ರಲ್‌ನಲ್ಲಿ ಅಷ್ಟೂ ಶಾಖ ಡ್ರಮ್ಮಿನೊಳಗೆ ಕೂಡಿಬೀಳುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಶೂ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಪೂರ್ತಿ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹತ್ತಿದ ಗೇರಿನಲ್ಲೇ ಇಳಿಸು ಎಂದು ಲಾರಿ ಡ್ರೈವರುಗಳು ಕ್ಲೀನರಿಗೆ ಹೇಳಿಕೊಡುವುದು ಇದಕ್ಕೇ.

ಗೇರೇ ಇಲ್ಲದ ಗಾಡಿಗಳ ಕಥೆ ಬೇರೆ, ನಮ್ಮ ಸೀಮೆಯಲ್ಲಿ ಅವೇ ಹೆಚ್ಚು ಹೊರೆ ಹೊರುವುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡಿನ ಮೂಟೆ, ಡೇರಿಗೆ ಹಾಲಿನ ಕ್ಯಾನು, ಚಿಂತಾಮಣಿಯ ಮಂಡಿಗೆ ಟೊಮೆಟೊ ಕ್ರೇಟು ಹೊತ್ತುಕೊಂಡು ಹೋಗುವ ಟಿವಿಎಸ್ ಎಕ್ಸ್‌ಎಲ್ ಇಲ್ಲದ ಹಳ್ಳಿಯೇ ಇಲ್ಲ. ಅದರಲ್ಲಿರುವುದು ವೇಗಕ್ಕೆ ತಾನಾಗಿ ಕಚ್ಚುವ ಕ್ಲಚ್. ಎಂಜಿನ್ನಿನ ಸುತ್ತು ಒಂದು ಮಿತಿಗಿಂತ ಇಳಿದ ಕೂಡಲೇ ಕ್ಲಚ್ ಬಿಟ್ಟುಕೊಳ್ಳುತ್ತದೆ, ಎಂಜಿನ್ನಿನ ಹಿಡಿತ ಅಲ್ಲಿಗೆ ಮುಗಿಯಿತು. ಗಾಡಿ ನ್ಯೂಟ್ರಲ್‌ನಲ್ಲಿ ಇದ್ದಂತೆಯೇ ಉರುಳುತ್ತದೆ. ಆಟೊಮ್ಯಾಟಿಕ್ ಸ್ಕೂಟರುಗಳಲ್ಲೂ ಹೀಗೇ. ಮಿಶ್ರಣ ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದರೂ ಇದು ಬದಲಾಗದು. ಅಂಥ ಗಾಡಿಯಲ್ಲಿ ಹೊರೆಯೊಡನೆ ಇಳಿಯುವವರು ಇಳಿಜಾರಿನ ಮೇಲ್ತುದಿಯಿಂದಲೇ ವೇಗ ತಗ್ಗಿಸಬೇಕು, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು, ನಡುವೆ ಒಂದೆಡೆ ನಿಲ್ಲಿಸಿ ಡ್ರಮ್ ಆರಲು ಬಿಡಬೇಕು. ನಗರದಿಂದ ಬಾಡಿಗೆ ಸ್ಕೂಟರಿನಲ್ಲಿ ನಂದಿಗೆ ಬರುವ ಜೋಡಿಗಳಿಗೆ ಇದನ್ನು ಯಾರಾದರೂ ತುದಿಯಲ್ಲೇ ಹೇಳುವಂತಾಗಬೇಕು ಎಂಬುದು ನನ್ನ ಕಳಕಳಿ.

2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ಬಂದಮೇಲೆ ಈ ಚಿತ್ರವೆಲ್ಲ ಬದಲಾಯಿತು. ಹೊಸ ಬೈಕುಗಳಲ್ಲಿ ಬಹುತೇಕ ಎಲ್ಲದರಲ್ಲೂ ಕಾರ್ಬೋರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಸೈಲೆನ್ಸರಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತು ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುತ್ತದೆ, ಪುಟ್ಟ ಕಂಪ್ಯೂಟರ್ ಪೆಟ್ರೋಲನ್ನು ತಿದ್ದುತ್ತದೆ. ತಿರುಗಿಸಲು ಸ್ಕ್ರೂವೇ ಇಲ್ಲ. ಇಳಿಜಾರಿನಲ್ಲಿ ಇದರ ವರ್ತನೆ ಕಾರ್ಬೋರೇಟರಿಗಿಂತ ಪೂರ್ತಿ ಬೇರೆ. ಥ್ರಾಟಲ್ ಮುಚ್ಚಿದೆ, ಎಂಜಿನ್ ಇನ್ನೂ ಜೋರಾಗಿ ಸುತ್ತುತ್ತಿದೆ ಎಂದು ತಿಳಿದ ಕೂಡಲೇ ಕಂಪ್ಯೂಟರ್ ಇಂಜೆಕ್ಟರನ್ನೇ ಬಂದ್ ಮಾಡುತ್ತದೆ. ಒಂದು ಹನಿಯೂ ಇಲ್ಲ. ಸುತ್ತು ಐಡಲ್ ಹತ್ತಿರಕ್ಕೆ ಇಳಿದಾಗ ಮತ್ತೆ ಬಿಡುತ್ತದೆ. ಇಲ್ಲಿ ಹಳೆಯ ನಂಬಿಕೆ ತಲೆಕೆಳಗಾಗುತ್ತದೆ: ನ್ಯೂಟ್ರಲ್ ಹಾಕಿದವನ ಗಾಡಿ ಐಡಲ್‌ಗೆ ಬೇಕಾದ ಪೆಟ್ರೋಲ್ ಕುಡಿಯುತ್ತಾ ಇಳಿಯುತ್ತದೆ, ಗೇರಿನಲ್ಲಿ ಇಳಿಯುವವನ ಗಾಡಿ ಏನೂ ಕುಡಿಯದೆ ಇಳಿಯುತ್ತದೆ. ಉರಿಯದ ಆವಿಯೇ ಇಲ್ಲದ್ದರಿಂದ ಪಟಾಕಿಯೂ ಇಲ್ಲ, ಹಿಡಿತ ಒಂದೇ ಸಮ.

ದೊಡ್ಡ ಒಂಟಿ ಸಿಲಿಂಡರಿನ ಗಾಡಿಗಳಲ್ಲಿ ಮಾತ್ರ ಒಂದು ದೂರು ಕೇಳಿಬರುತ್ತದೆ: ಆಕ್ಸಿಲರೇಟರ್ ಬಿಟ್ಟಾಗ ಗಕ್ಕನೆ ಹಿಡಿಯುತ್ತದೆ, ಮತ್ತೆ ಕೊಟ್ಟಾಗ ಜಗ್ಗುತ್ತದೆ. ಪೆಟ್ರೋಲ್ ಪೂರ್ತಿ ನಿಂತು ಪೂರ್ತಿ ಶುರುವಾಗುವುದರ ಪರಿಣಾಮ ಅದು. ಹೊಗೆ ನಿಯಮಕ್ಕಾಗಿ ಕಂಪನಿ ಮಿಶ್ರಣವನ್ನು ಬಿಗಿಯಾಗಿ ಇಟ್ಟಿರುವುದೂ ಸೇರಿಕೊಳ್ಳುತ್ತದೆ. ಇದಕ್ಕೆಂದೇ ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಂಪನಿಯ ಪವರ್‌ಟ್ರಾನಿಕ್, ಫ್ಯುಯೆಲೆಕ್ಸ್‌ನಂಥ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿವೆ. ಗಾಡಿಯ ವೈರಿಂಗಿನ ನಡುವೆ ಕೂತು ಪೆಟ್ರೋಲಿನ ಪ್ರಮಾಣವನ್ನು ತಿದ್ದುವುದು ಅವುಗಳ ಕೆಲಸ. ಸಣ್ಣ ಥ್ರಾಟಲ್‌ನಲ್ಲಿ ಸ್ವಲ್ಪ ರಿಚ್ ಮಾಡಿದರೆ ಗಾಡಿ ಮೆತ್ತಗೆ ಎತ್ತಿಕೊಳ್ಳುತ್ತದೆ, ಎಂಜಿನ್ ಬಿಸಿ ಕಡಿಮೆಯಾಗುತ್ತದೆ. ಸೈಲೆನ್ಸರ್ ಬದಲಿಸಿದ ಗಾಡಿಗೆ ಅದರ ಅಗತ್ಯವೂ ಬೀಳಬಹುದು. ಆದರೆ ಹೆಚ್ಚು ಸುರಿದ ಪೆಟ್ರೋಲಿಗೆ ಬಂಕಿನಲ್ಲಿ ದುಡ್ಡು ಕೊಡುವವರು ನಾವೇ. ದಿನಕ್ಕೆ ಮೂವತ್ತು ಕಿಲೋಮೀಟರ್ ಕೆಲಸಕ್ಕೆ ಹೋಗಿಬರುವ ನೂರು ಸಿಸಿಯ ಗಾಡಿಗೆ ಇದು ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ.

ಕೊನೆಯದಾಗಿ, ಹಳೆಯ ಕಾರ್ಬೋರೇಟರ್ ಗಾಡಿಗಳಿಗೆ ಈಚೆಗೆ ಬಂದಿರುವ ಹೊಸ ಪರೀಕ್ಷೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಪ್ರಧಾನಿಯವರು ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಬಿಡುಗಡೆ ಮಾಡಿದರು, ಮೊದಲಿಗೆ 11 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ. ಈಗ ಅದೇ ಸಾಮಾನ್ಯ ಪೆಟ್ರೋಲ್. ಎಥೆನಾಲ್ ಉರಿಯಲು ತನ್ನ ತೂಕದ ಒಂಬತ್ತು ಪಟ್ಟು ಗಾಳಿ ಸಾಕು. ಹಾಗಾಗಿ 14.7 ಇದ್ದ ಲೆಕ್ಕ ಈ ಮಿಶ್ರ ಇಂಧನಕ್ಕೆ ಸುಮಾರು 13.5ಕ್ಕೆ ಇಳಿಯುತ್ತದೆ. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ಸರಿಪಡಿಸಿಕೊಳ್ಳುತ್ತದೆ. ಕಾರ್ಬೋರೇಟರಿಗೆ ಕಣ್ಣಿಲ್ಲ, ಶುದ್ಧ ಪೆಟ್ರೋಲಿಗೆಂದು ಕೊರೆದ ಜೆಟ್ಟಿನಲ್ಲಿ ಇದು ಹರಿದಾಗ ಮಿಶ್ರಣ ಏಳೆಂಟು ಶೇಕಡಾ ಲೀನ್ ಆಗುತ್ತದೆ. ಎಥೆನಾಲಿನಲ್ಲಿ ಶಕ್ತಿಯೂ ಪೆಟ್ರೋಲಿನ ಮೂರನೇ ಎರಡರಷ್ಟು. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ 3ರಿಂದ 4ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ.

ಇಲ್ಲಿ ನಮ್ಮ ನೆಲದ ಎತ್ತರ ಒಂದು ಉಪಕಾರ ಮಾಡುತ್ತದೆ. ಮೇಲಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಕಾರ್ಬೋರೇಟರ್ ಅದನ್ನರಿಯದೆ ಪೆಟ್ರೋಲ್ ಕೊಡುವುದರಿಂದ ಮಿಶ್ರಣ ರಿಚ್ ಆಗುತ್ತದೆ. ಮಂಗಳೂರಿನ ಕಡಲತೀರದಲ್ಲಿ ಸರಿಯಾಗಿದ್ದ ಗಾಡಿ ಚಿಕ್ಕಬಳ್ಳಾಪುರಕ್ಕೆ ಬಂದರೆ ನಾಲ್ಕೈದು ಶೇಕಡಾ ರಿಚ್, ನಂದಿಯ ತುದಿಯಲ್ಲಿ ಸುಮಾರು ಏಳು ಶೇಕಡಾ ರಿಚ್. ಆ ತುದಿಯಲ್ಲಿ ಎಥೆನಾಲ್ ಲೀನ್ ಮಾಡಿದ್ದನ್ನು ಎತ್ತರ ಹೆಚ್ಚುಕಡಿಮೆ ಅಷ್ಟೇ ತುಂಬಿಕೊಡುತ್ತದೆ. ಅದೇ ಗಾಡಿ ಕೆಳಗಿಳಿದು ಗೌರಿಬಿದನೂರಿನ ಬಯಲಿಗೆ ಬರುವಷ್ಟರಲ್ಲಿ ಈ ನೆರವು ಅರ್ಧದಷ್ಟು ಕರಗಿರುತ್ತದೆ, ಸೈಲೆನ್ಸರ್ ಸಣ್ಣಗೆ ಪಟಪಟ ಎನ್ನತೊಡಗಿದರೆ ಆಶ್ಚರ್ಯವಿಲ್ಲ. ಮೈಲೇಜ್ ಕುಸಿಯಿತೆಂದು ಅಂಥ ಗಾಡಿಯನ್ನು ಇನ್ನಷ್ಟು ಲೀನ್ ಮಾಡಿಸುವುದು ಈಗ ಎಲ್ಲೆಡೆ ನಡೆಯುತ್ತಿದೆ, ಅದು ತೀರಾ ತಪ್ಪು ದಿಕ್ಕು. ಈ ಇಂಧನಕ್ಕೆ ಬೇಕಿರುವುದು ಸ್ವಲ್ಪ ರಿಚ್ ಸೆಟ್ಟಿಂಗ್: ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ಸೂಜಿ ಎತ್ತುವುದು, ಪೈಲಟ್ ಸ್ಕ್ರೂವನ್ನು ರಿಚ್ ಕಡೆಗೆ ಕಾಲು ಸುತ್ತು ತಿರುಗಿಸುವುದು.

ಸ್ಕ್ರೂ ಹಿಡಿಯುವ ಮುನ್ನ ಗಾಡಿ ಹತ್ತು ಕಿಲೋಮೀಟರಾದರೂ ಓಡಿ ಚೆನ್ನಾಗಿ ಬಿಸಿಯಾಗಿರಬೇಕು. ಫಿಲ್ಟರ್ ಶುಚಿಯಾಗಿರಬೇಕು. ವಾಲ್ವ್ ಸಂದು, ಚೈನು, ಟಯರಿನ ಗಾಳಿ ಸರಿಯಿರಬೇಕು. ಮೈಲೇಜ್ ಕದಿಯುವುದು ಹೆಚ್ಚಾಗಿ ಇವೇ. ಪೈಲಟ್ ಜೆಟ್ ಕಟ್ಟಿಕೊಂಡಿದ್ದರೆ ತಂತಿ ಚುಚ್ಚಬೇಡಿ. ಕೂದಲೆಳೆಯ ತೂತು ಒಂದು ಸಲ ಅಗಲವಾದರೆ ಆ ಜೆಟ್ ಮುಗಿಯಿತು, ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿಸಿ. ಆಮೇಲೆ ಸ್ಕ್ರೂವನ್ನು ಎರಡೂ ಕಡೆ ಮೆಲ್ಲಗೆ ತಿರುಗಿಸಿ ಎಂಜಿನ್ ಅತಿ ಜೋರಾಗಿ, ಅತಿ ಸಮನಾಗಿ ಸುತ್ತುವ ಜಾಗ ಹುಡುಕಿ, ಅಲ್ಲಿಂದ ಕೂದಲೆಳೆಯಷ್ಟು ರಿಚ್ ಕಡೆಗೆ ಬಿಟ್ಟು, 'ಸ್ಲೋ' ಸ್ಕ್ರೂವನ್ನು ಕಂಪನಿ ಹೇಳಿದ ಸುತ್ತಿಗೆ ಇಳಿಸಿ. ಸರಿಯಾಯಿತೇ ಎಂದು ನೋಡಲು ಗಾಡಿಯನ್ನು ಇಳಿಜಾರಿಗೆ ಒಯ್ಯಿ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯಿರಿ. ಪಟಾಕಿ ಇಲ್ಲದೆ, ಜಗ್ಗದೆ ಒಂದೇ ಸಮ ಹಿಡಿದರೆ ಮಿಶ್ರಣ ಸರಿಯಿದೆ. ಬುಡಕ್ಕೆ ಬಂದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಕನ್ನಡಿಯಲ್ಲಿ ಸೈಲೆನ್ಸರ್ ಕಡೆ ಒಮ್ಮೆ ನೋಡಿ. ನೀಲಿ ಹೊಗೆ ಬಂದರೆ ಇಳಿಜಾರಿನ ನಿರ್ವಾತಕ್ಕೆ ಎಣ್ಣೆ ವಾಲ್ವ್ ಸೀಲಿನಿಂದಲೋ ರಿಂಗಿನ ಪಕ್ಕದಿಂದಲೋ ಮೇಲೆ ಬಂದಿದೆ ಎಂದರ್ಥ. ಆಗ ಬೇಕಿರುವುದು ಟ್ಯೂನಿಂಗ್ ಅಲ್ಲ, ಎಂಜಿನ್ ಕೆಲಸ.